ಮೂರು ಅಕ್ಷರದ ಕೂಗು

ಗಾನಗೋಷ್ಠಿಯ ಟಿಕೆಟ್ ಎರಡಕ್ಕೆ ಎರಡು ಲಕ್ಷ ಎಂಬತ್ತು ಸಾವಿರ ವಾನ್. ಪೆಟ್ರೋಲಿಗೆ ಮೂವತ್ತು ಸಾವಿರ. ಕಿತ್ತಳೆ ಬಣ್ಣದ ಅಂಗಿಗೆ ನಲವತ್ತೈದು ಸಾವಿರ. ಟೋಲಿನ ಚಿಲ್ಲರೆ ಬೇರೆ. ಇಷ್ಟು ಹಣ ಕೈಗೆ ಬರಬೇಕಾದರೆ ಎಷ್ಟು ಬುಟ್ಟಿ ಬಂಗುಡೆ ಹೋಗಬೇಕೆಂಬುದು ಪೊಹಾಂಗ್ ಪೇಟೆಯ ಮೀನಂಗಡಿ ದಾಲ್ಗ್ಯುಗೆ ಬಾಯಿಪಾಠ. ಆದರೂ ಅಂಗಡಿಗೆ ರಜೆ ಹಾಕಿ, ತೊಳೆದರೂ ವಾಸನೆ ಬಿಡದ ವ್ಯಾನಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಬೆಳಿಗ್ಗೆ ಏಳಕ್ಕೇ ಹೊರಟ.

"ರಸ್ತೆ ರಿಪೇರಿಯವನ ಹಾಗೆ ಕಾಣ್ತಿದೀನಿ," ಎಂದ, ಕಿತ್ತಳೆ ಅಂಗಿಯ ಕಾಲರು ಎಳೆದುಕೊಳ್ಳುತ್ತ.

"ರಸ್ತೆ ರಿಪೇರಿಯವ್ರು ಗಡ್ಡನಾದ್ರೂ ಬೋಳಿಸ್ಕೊಂಡಿರ್ತಾರೆ ರೀ," ಎಂದಳು ಹೆಂಡತಿ, ಪಿಸುದನಿಯಲ್ಲಿ.

ಪಿಸುದನಿ ಬಿಟ್ಟರೆ ಬೇರೆ ದನಿ ಅವಳಿಗೆ ಸದ್ಯಕ್ಕಿರಲಿಲ್ಲ. ಎರಡು ತಿಂಗಳ ಹಿಂದೆ ಕುತ್ತಿಗೆಯಲ್ಲಿ ಥೈರಾಯ್ಡ್ ಆಪರೇಷನ್ ಆಗಿತ್ತು. ಆರು ತಿಂಗಳು ಕೂಗಕೂಡದೆಂದು ಡಾಕ್ಟರ ಕಟ್ಟಪ್ಪಣೆ. ಅಭಿಮಾನಿ ಸಂಘದಲ್ಲಿ ಕೂಗುವುದೇ ಅವಳ ಪದವಿ. ಗಾಯಕ ಗು ಹಾನ್ ಸೊಲ್ ಹಾಡಿನ ನಡುವೆ ಒಂದು ಕಡೆ ಉಸಿರು ತೆಗೆದುಕೊಳ್ಳುತ್ತಾನೆ. ಆ ಸಂದಿನಲ್ಲಿ ಅವನ ಮೂರು ಅಕ್ಷರದ ಹೆಸರನ್ನು ಮೊದಲು ಒಬ್ಬರು ಕೂಗಬೇಕು, ಹಿಂದೆಯೇ ಇನ್ನೂರು ಹೆಂಗಸರು ಅದನ್ನೇ ಕೂಗಬೇಕು. ನಾಲ್ಕು ವರ್ಷದಿಂದ ಮೊದಲ ಕೂಗು ಅವಳದು. ಇವತ್ತು ತಪ್ಪಿದರೆ ಅದು ದೇಗು ಊರಿನ ಬ್ಯೂಟಿ ಪಾರ್ಲರ್ ಹೆಂಗಸಿನ ಪಾಲು. ನಲವತ್ತು ವರ್ಷ ಮೀನು ಕೂಗಿ ಮಾರಿದ ಗಂಟಲು ಮನೆಯಲ್ಲೇ ಇರುವಾಗ ಯಾಕೆ ಬಿಟ್ಟುಕೊಡಬೇಕು? ತನ್ನ ಬದಲಿಗೆ ಗಂಡನೇ ಕೂಗಲಿ ಎಂದು ತೀರ್ಮಾನಿಸಿದ್ದಳು.

ಅವನದೂ ಒಂದು ಷರತ್ತಿತ್ತು: ದಾರಿಯಲ್ಲಿ ಗ್ಯೊಂಗ್ಜು ನೋಡಿಕೊಂಡೇ ಹೋಗಬೇಕು. ನಲವತ್ತೊಂದು ವರ್ಷದ ಹಿಂದೆ, ಮದುವೆಯ ಮರುದಿನ ಬಂದಿದ್ದ ಊರು. ಆಗ ಬುಲ್ಗುಕ್ಸಾ ಗುಡಿಯಲ್ಲಿ ಅವನು ಹತ್ತು ಹೆಜ್ಜೆ ಮುಂದೆ ನಡೆದಿದ್ದ. ಈಗ ಮಂಡಿನೋವು, ಸರಿಸಮಕ್ಕೆ ನಡೆದ. ಅಲ್ಲಿಂದ ನಕ್ಷತ್ರ ನೋಡುವ ಹಳೆಯ ಕಲ್ಲುಗೋಪುರದ ಬಯಲಿಗೆ ಬಂದು, ಅಭ್ಯಾಸಕ್ಕೆಂದು ಕಾಲು ಅಗಲಿಸಿ ನಿಂತು ಗಂಟಲು ಬಿಟ್ಟ.

"ಗು! ಸೊಲ್! ಹಾನ್!"

ಫೋಟೊ ತೆಗೆಸಿಕೊಳ್ಳುತ್ತಿದ್ದವರೆಲ್ಲ ತಿರುಗಿದರು.

"ತಿರುಗಾಮುರುಗಾ ಆಯ್ತು. ಹಾನ್ ಮೊದ್ಲು, ಸೊಲ್ ಆಮೇಲೆ. ಹಾನ್ ಮೊದ್ಲು!"

"ಬಂಗುಡೆ ಅಂದ್ರೆ ಬಾಯಿಗೆ ತಾನಾಗೇ ಬರತ್ತೆ. ಇವನ ಹೆಸರು ಬರಲ್ಲ ಕಣೇ ಸೋರಾಳಮ್ಮ."

"ಮೊದ್ಲು ತಾಳ ಹಿಡೀರಿ. ಮೂರಕ್ಷರದ ಯಾವ ಹೆಸರಾದ್ರೂ ಸರಿ. ಬೇಕಾದ್ರೆ ನಂದೇ ಹಾಕ್ಕೊಳ್ಳಿ. ಹಾನ್, ಮಾಲ್, ಸುನ್."

"ಥೂ! ಬೀದೀಲಿ ನಿಂತು ಹೆಂಡ್ತಿ ಹೆಸರು ಕೂಗ್ತಾರಾ?"

ಬೀದಿ ಹಾಗಿರಲಿ, ಮನೆಯಲ್ಲೂ ಕೂಗಿರಲಿಲ್ಲ. ಮೊದಮೊದಲು 'ಇವಳೇ', ಮಗಳು ಸೋರಾ ಹುಟ್ಟಿದ ಮೇಲೆ 'ಸೋರಾಳಮ್ಮ'. ಮಾಲ್ಸುನ್ ಅದಕ್ಕೆ ಬೇಸರಪಟ್ಟವಳೂ ಅಲ್ಲ. ಹಾನ್ ಎಂಬುದು ತವರಿನ ಮನೆತನ, ಮಾಲ್ ಎಂದರೆ ಕೊನೆ. ನಾಲ್ಕು ಹೆಣ್ಣಾದ ಮೇಲೆ ಐದನೆಯದೇ ಕೊನೆಯದಾಗಲಿ ಎಂದು ಅಪ್ಪ ಇಟ್ಟಿದ್ದ ಹೆಸರು ಅದು; ಯಾರೂ ಕರೆಯದಿದ್ದರೇ ವಾಸಿ ಎಂದುಕೊಂಡು ಬಂದವಳು.

ದೇಗು ದಾರಿಯಲ್ಲಿ ಅವಳು ಕಿಂಬಾಪ್‌ನ ಒಂದೊಂದೇ ಅನ್ನದ ಸುರುಳಿಯನ್ನು ಅವನ ಬಾಯಿಗಿಟ್ಟಳು. ಅವನು ಅಗಿಯುತ್ತ ಸ್ಟಿಯರಿಂಗಿನ ಮೇಲೆ ಬೆರಳಲ್ಲಿ ಮೂರು ಮೂರು ಏಟು ಹಾಕುತ್ತಿದ್ದ. ತುಟಿ ಆಡುತ್ತಿತ್ತು. ಯಾವ ಹೆಸರೆಂದು ಅವಳಿಗೆ ಕೇಳಲಿಲ್ಲ.

ಮಧ್ಯಾಹ್ನ ಮೂರಕ್ಕೆ ಸಭಾಂಗಣದ ತುಂಬ ಕಿತ್ತಳೆ ಬಣ್ಣ. ಪಾರ್ಲರಿನವಳು ಪಕ್ಕಕ್ಕೇ ಬಂದು ಕೂತಳು.

"ಅಕ್ಕಾ, ಭಾವನ್ನೂ ಕರ್ಕೊಂಡು ಬಂದ್ರಾ? ಪಾಪ, ತೂಕಡಿಸ್ತಾರೇನೋ. ಕಷ್ಟ ಆದ್ರೆ ಹೇಳಿ, ಕೂಗೋಕೆ ನಾನಿದೀನಿ."

"ಭಾವನ ಗಂಟಲು ನೀನಿನ್ನೂ ಕೇಳಿಲ್ಲ," ಎಂದಳು ಮಾಲ್ಸುನ್, ಮೊದಲ ಕೂಗಿನವಳೆಂಬ ಗುರುತಿಗೆ ಕಟ್ಟಿದ್ದ ತೋಳಿನ ಪಟ್ಟಿ ಸರಿಮಾಡಿಕೊಂಡು.

ಮೂರನೇ ಹಾಡು. ಗಾಯಕ ಉಸಿರು ತೆಗೆದುಕೊಂಡ. ಮಾಲ್ಸುನ್ ಗಂಡನ ಪಕ್ಕೆ ತಿವಿದಳು. ದಾಲ್ಗ್ಯು ಎದ್ದು ನಿಂತ. ಗು ಹೋಯಿತು, ಸೊಲ್ ಹೋಯಿತು. ತಲೆಯಲ್ಲಿ ಉಳಿದದ್ದು 'ಹಾನ್ ಮೊದ್ಲು' ಎಂಬುದೊಂದೇ.

"ಹಾನ್! ಮಾಲ್! ಸುನ್!"

ಮೊದಲ ಕೂಗಿನ ಹಿಂದೆ ಹೋಗಿ ಹೋಗಿ ರೂಢಿಯಾದ ಇನ್ನೂರು ಹೆಂಗಸರು, ಯೋಚನೆ ಬರುವ ಮೊದಲೇ ಕೂಗಿಬಿಟ್ಟರು. "ಹಾನ್! ಮಾಲ್! ಸುನ್!"

ವೇದಿಕೆಯ ಮೇಲಿದ್ದವನಿಗೆ ಮುಂದಿನ ಸಾಲು ಒಂದು ಗಳಿಗೆ ಮರೆತೇಹೋಯಿತು. ಮಾಲ್ಸುನ್ ಹಿಂದಕ್ಕೆ ತಿರುಗಿದಳು. ಇನ್ನೂರು ಬಾಯಿ ಇನ್ನೂ ತೆರೆದೇ ಇದ್ದವು.

ಕಾರ್ಯಕ್ರಮ ಮುಗಿದ ಮೇಲೆ ಪಾರ್ಲರಿನವಳು ವ್ಯಾನಿನ ತನಕ ಬಂದಳು. "ತಪ್ಪು ತಿಳ್ಕೋಬೇಡಿ ಅಕ್ಕಾ. ಎಲ್ರೂ ಹೇಳ್ತಿದಾರೆ, ಇನ್ಮುಂದೆ..."

ಅವಳು ಮಾತು ಮುಗಿಸುವ ಮೊದಲೇ ಮಾಲ್ಸುನ್ ತೋಳಿನ ಪಟ್ಟಿ ಬಿಚ್ಚಿ ಅವಳ ತೋಳಿಗೆ ಕಟ್ಟಿದಳು. "ಹೊಟ್ಟೆಯಿಂದ ಕೂಗು, ಗಂಟಲಿಂದ ಕೂಗ್ಬೇಡ. ನನ್ನ ಹಾಗಾಗ್ತೀಯ."

ಅರ್ಧ ದಾರಿಯಲ್ಲಿ ದಾಲ್ಗ್ಯು ವ್ಯಾನಿನ ವೇಗ ತಗ್ಗಿಸಿದ. ಆಮೇಲೆ, "ನನ್ನಿಂದ ನಿನ್ನ ಪದವಿ ಹೋಯ್ತು," ಎಂದ.

"ಹೂಂ, ಹೋಯ್ತು," ಎಂದಳು.

ಪೊಹಾಂಗಿನ ಟೋಲ್ ಬಂತು. ಯಂತ್ರವನ್ನು ನಂಬದ ದಾಲ್ಗ್ಯು ಎಂದಿನಂತೆ ನಗದಿನ ಸಾಲಿನಲ್ಲೇ ವ್ಯಾನು ನಿಲ್ಲಿಸಿ, ಗಾಜು ಇಳಿಸಿ, ಅವಳ ಕಡೆಗೆ ಕೈ ಚಾಚಿದ.

"ಮಾಲ್ಸುನ್, ಚಿಲ್ಲರೆ ಕೊಡು."

ಚಿಲ್ಲರೆ ಅವಳ ಮುಷ್ಟಿಯಲ್ಲೇ ಇತ್ತು. ಎಣಿಸಿಯೂ ಆಗಿತ್ತು. ಆದರೂ ಅವಳು ಕೇಳಿಸದವಳ ಹಾಗೆ ಕಿಟಕಿಯಾಚೆ ನೋಡುತ್ತ ಕೂತಳು, ಇನ್ನೊಂದು ಸಲ ಕರೆಯಲಿ ಎಂದು.