ಗುರುತಿನವರಿಲ್ಲದ ಓಣಿ

“ಈಕಿ ನಮ್ಮ ರಾಜೇಶ್ವರಿ ಮಗಳೇನ್ರಿ?”

ಬಾಡಿಗೆಗೆ ಮನೆ ನೋಡಲು ಬಂದವರಿಗೆ ಅಡುಗೆಮನೆಯ ನಳ ತಿರುಗಿಸಿ ನೀರು ತೋರಿಸುತ್ತಿದ್ದ ಮನೆ ಮಾಲಕಿ ಮುಮ್ತಾಜ ಅದನ್ನು ಬಂದ್ ಮಾಡುವುದನ್ನೂ ಮರೆತು ಗೌತಮಿಯ ಮುಖವನ್ನೇ ನೋಡುತ್ತ ನಿಂತಳು. ‘ನಿಮ್ಮ ಅಜ್ಜಿ ಊರು ಯಾವುದವ್ವ?’ ಎಂದು ಅವಳು ಮಾತಿಗೆಂದು ಕೇಳಿದ್ದಳು. ಎಂಟು ವರ್ಷದ ಹುಡುಗಿ ತಾಳಿಕೋಟಿ ಎಂದಿದ್ದಳು. “ಆ ಗದ್ದ, ಆ ಹುಬ್ಬು... ಥೇಟ್ ಆಕಿನ! ನಾವಿಬ್ರೂ ತಾಳಿಕೋಟ್ಯಾಗ ಒಂದ ಹೊಲಿಗಿ ಕ್ಲಾಸಿಗೆ ಹೋಗ್ತಿದ್ವಿ.”

“ಅಲ್ರಿ,” ಎಂದ ಅರುಣಕುಮಾರ, ತಡಮಾಡದೆ. “ನೀವು ಬ್ಯಾರೆ ಯಾರನ್ನೋ ಅಂದ್ಕೊಂಡೀರಿ.”

ಗೌತಮಿ ಅಪ್ಪನ ಕಡೆ ನೋಡಿದಳು. ತಲೆ ಕೆಳಗೆ ಹಾಕಿದಳು.

ಅವನು ಇಂಡಿಗೆ ವರ್ಗ ಮಾಡಿಸಿಕೊಂಡದ್ದೇ ಅಲ್ಲಿ ತಮ್ಮ ಗುರುತಿನವರು ಯಾರೂ ಇಲ್ಲವೆಂದು. ಮೊದಲ ಹೆಂಡತಿ ರಾಜೇಶ್ವರಿ ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಸುರೇಖಾಳನ್ನು ಮದುವೆಯಾಗಿ ಕರೆತಂದಂದಿನಿಂದ ಆಲಮಟ್ಟಿಯ ಕ್ವಾರ್ಟರ್ಸಿನಲ್ಲಿ ಒಬ್ಬರಲ್ಲ ಒಬ್ಬರು ಹುಡುಗಿಯನ್ನು ತಡೆದು, ‘ಮಲತಾಯಿ ಹೊಟ್ಟಿ ತುಂಬ ಉಣ್ಣಾಕ ಹಾಕ್ತಾಳೇನವ್ವ?’ ಎಂದು ಕೇಳುವವರೇ. ಹಾಗೆ ಕೇಳಿಸಿಕೊಂಡ ದಿನ ಗೌತಮಿ ತಟ್ಟೆ ಸರಿಸಿ ಮಲಗಿಬಿಡುತ್ತಿದ್ದಳು. ಸುರೇಖಾಳೂ ಉಣ್ಣುತ್ತಿರಲಿಲ್ಲ. ಹೊಸ ಊರಿನಲ್ಲಿ, ಗುರುತಿನವರಿಲ್ಲದ ಓಣಿಯಲ್ಲಿ, ನೋಡಿದವರಿಗೆ ತಾವು ಮೂವರೂ ಅಪ್ಪ, ಅವ್ವ, ಮಗಳು ಅಷ್ಟೇ ಆಗಿ ಕಾಣಬೇಕು ಎಂಬುದು ಅವನ ಆಸೆ. ಅದಕ್ಕೇ ರಾಜೇಶ್ವರಿಯ ಹೆಸರನ್ನು ಮನೆಯೊಳಗೂ ಎತ್ತುವುದನ್ನು ಬಿಟ್ಟಿದ್ದ.

“ಹೌದ್ರಿ ಅಕ್ಕಾರ,” ಎಂದಳು ಸುರೇಖಾ. “ರಾಜೇಶ್ವರಿ ಮಗಳ ಈಕಿ. ನಾನು ಆಮ್ಯಾಲೆ ಬಂದಾಕಿ.”

ಮುಮ್ತಾಜ ನಳ ಬಂದ್ ಮಾಡಿದಳು. “ರಾಜಿ ಹೋದ ಸುದ್ದಿ ಬಂದಾಗ ನನಗ ದಿನ ತುಂಬಿದ್ವು. ಮಣ್ಣಿಗೆ ಬರಾಕ ಆಗಲಿಲ್ಲ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುರೇಖಾಳನ್ನು ಮೇಲಿಂದ ಕೆಳಗೆ ನೋಡಲಿಲ್ಲ, ಇನ್ನೇನನ್ನೂ ಕೆದಕಲಿಲ್ಲ. ಹುಡುಗಿಯ ಎದುರು ನೆಲಕ್ಕೇ ಕುಳಿತಳು.

ಗೌತಮಿ ಅವಳನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದಳು: “ನಮ್ಮವ್ವ ನಗತಿದ್ಲಾ?”

“ನಗತಿದ್ಲಾ ಅಂತಿಯಲ್ಲ! ಆಕಿ ನಗೂದಕ್ಕ ಹೊಲಿಗಿ ಕಲಸೋ ಬಾಯಾರು ನಮ್ಮಿಬ್ರನ್ನೂ ಕ್ಲಾಸಿನಿಂದ ಹೊರಗ ಹಾಕತಿದ್ರು. ಒಂದಿನ ಏನ್ ಮಾಡಿದ್ಲು ಗೊತ್ತೈತೇನ? ಮಂದಿ ಬ್ಲೌಸ ಹೊಲಿಯಾಕ ಹೋಗಿ, ಅದರ ಜೋಡಿ ತನ್ನ ಓಢಣಿನೂ ಸೇರಿಸಿ ಹೊಲದುಬಿಟ್ಲು. ಎದ್ದು ನಡದ್ರ ಬ್ಲೌಸೂ ಬೆನ್ನ ಹತ್ತಿ ಹೊಂಟತಿ!”

ಗೌತಮಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಕೈ ತೆಗೆದು ನಕ್ಕಳು.

ಅರುಣಕುಮಾರ ಹೆಂಡತಿಯನ್ನು ಅಂಗಳಕ್ಕೆ ಕರೆದ. “ನಡಿ, ಮುಂಜಾನೆ ನೋಡಿದ ಊರ ಹೊರಗಿನ ಪ್ಲಾಟಿನ ಮನೀನ ಪಕ್ಕಾ ಮಾಡೂನು. ಗಾಳಿ, ಬೆಳಕು ಎಲ್ಲಾ ಐತಿ. ಬಾಜೂ ಮನಿ ಇನ್ನೂ ಕಟ್ಟಾಕತ್ತಾರ. ಇಲ್ಲಿ ನೋಡಿದೆಲ್ಲ, ಗೋಡಿಗೆ ಗೋಡಿ ಹತ್ತಿ ಅದಾವು. ನಾಳೆ ಓಣಿ ತುಂಬ ಸುದ್ದಿ ಆಗತೈತಿ.”

“ಆಗಲೇಳ್ರಿ.”

“ಮತ್ತ ಅದ ತ್ರಾಸ ಬೇಕೇನ ನಿನಗ?”

“ಆಲಮಟ್ಟ್ಯಾಗ ಮಂದಿ ನನ್ನ ಬಗ್ಗೆ ಮಾತಾಡ್ತಿದ್ರು. ಈ ಅಕ್ಕಾರು ರಾಜೇಶ್ವರಿ ಬಗ್ಗೆ ಮಾತಾಡಾಕತ್ತಾರ.” ಸುರೇಖಾ ಒಳಗಿನ ನಗೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. “ಹುಡುಗಿ ಮಗ್ಗಲದಾಗ ಮಕ್ಕೊಂಡು ಕೇಳತೈತ್ರಿ, ನಮ್ಮವ್ವ ಹೆಂಗಿದ್ಲು ಅಂತ. ನಾ ಏನ್ ಹೇಳ್ಲಿ? ನಾ ಆಕಿನ್ನ ಕಣ್ಣಿಲೆ ಕಂಡಿಲ್ಲ. ನೀವಂತೂ ಬಾಯಿ ಬಿಡಂಗಿಲ್ಲ. ಈಗ ನೀವು ‘ಅಲ್ರಿ’ ಅಂದಾಗ ಅದರ ಮಾರಿ ನೋಡಿದ್ರಿಲ್ಲೋ?”

ಅವನು ನೋಡಿದ್ದ. ಅಂಗಳದ ಕಟ್ಟೆಯ ಮೇಲೆ ಕುಳಿತ. ಒಳಗೆ ಮುಮ್ತಾಜ ಇನ್ನೊಂದು ಕಥೆ ಶುರು ಮಾಡಿದ್ದಳು; ‘ಆಮ್ಯಾಲೆ? ಆಮ್ಯಾಲೆ?’ ಎನ್ನುವ ಮಗಳ ದನಿ ಹೊರಗೆಲ್ಲ ಕೇಳುತ್ತಿತ್ತು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೋ.

“ಆತು,” ಎಂದ ಕೊನೆಗೆ. “ಇದ ಮನಿ ಅಂತ ಹೇಳ ಅವರಿಗೆ.”

ಆ ಮನೆಗೆ ಬಂದು ಸಾಮಾನು ಜೋಡಿಸಿಕೊಂಡು ಕೆಲವು ದಿನಗಳಾಗಿದ್ದವು. ಒಂದು ಸಂಜೆ ಸುರೇಖಾ ರೊಟ್ಟಿ ಬಡಿಯುತ್ತಿದ್ದಳು. ಮುಮ್ತಾಜಳ ಮನೆಯಿಂದ ಓಡಿ ಬಂದ ಗೌತಮಿ ಅವಳ ಮೊಣಕಾಲಿಗೆ ಒರಗಿ ಕುಳಿತಳು.

“ಮಮ್ಮಿ, ನಮ್ಮವ್ವಗ ರೊಟ್ಟಿ ಬಡಿಯಾಕ ಬರ್ತಿದ್ದೇ ಇಲ್ಲಂತ. ಮುಮ್ತಾಜ ಆಂಟಿ ಹೇಳಿದ್ರು. ನಿನಗ ಗೊತ್ತಿತ್ತಾ?”

“ನನಗ ಹೆಂಗ ಗೊತ್ತಿರಬೇಕವ್ವ? ನೀನ ಹೇಳಬೇಕು.”

“ಬರ್ತಿತ್ತು.”

ಇಬ್ಬರೂ ತಿರುಗಿ ನೋಡಿದರು. ಆಫೀಸಿನಿಂದ ಆಗಷ್ಟೇ ಬಂದ ಅರುಣಕುಮಾರ ಬಾಗಿಲಲ್ಲಿ ನಿಂತಿದ್ದ. ಒಂದು ಬೂಟು ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿ. ಅವರಿಬ್ಬರನ್ನೂ ನೋಡದೆ, ಗೋಡೆಗೆ ಹೇಳುವವನಂತೆ ಹೇಳಿದ: “ಬಡೀತಿದ್ಲು. ಆದ್ರ ದುಂಡಗ ಆಗ್ತಿದ್ದಿಲ್ಲ. ನಾ ನಕ್ರ, ‘ಹೆಂಗೂ ಮುರದ ತಿನ್ನೂದೈತಲ್ಲ, ನಾನ ಮೊದಲ ಮುರದು ಕೊಟ್ಟೇನಿ’ ಅಂತಿದ್ಲು.”

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬರತೊಡಗಿತು. ಸುರೇಖಾ ಒಲೆ ಸಣ್ಣದು ಮಾಡಿ, ತನ್ನ ಪಕ್ಕದಲ್ಲಿ ಒಂದು ಮಣೆ ಸರಿಸಿದಳು.

“ಕುಂದರ್ರಿ,” ಎಂದಳು. “ಮುಂದ ಹೇಳ್ರಿ. ನಾವಿಬ್ರೂ ಕೇಳ್ತೇವಿ.”