ಒಂಬತ್ತೂವರೆ ಹೆಣ

ಕೊನೆಯ ಮೇಜಿನ ಹೆಣ ಸೀನಿತು.

"ನನಗೇ ಸಾರ್, ನೆಗಡಿ," ಎಂದು ಶವಾಗಾರದ ಡಾಕ್ಟರು ತಟ್ಟನೆ ಮೂಗು ಒರೆಸಿಕೊಂಡರು.

ಅನುದಾನದ ಅಧಿಕಾರಿ ತಲೆ ಎತ್ತಲಿಲ್ಲ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಪಾದ ಎಣಿಸುತ್ತಿದ್ದರು. ಮುಖ ನೋಡುವುದು ಪೊಲೀಸರ ಕೆಲಸ; ಪಾದ ಎಣಿಸಿ ಎರಡರಿಂದ ಭಾಗಿಸುವುದು ಅವರ ಇಲಾಖೆಯ ಪದ್ಧತಿ.

ಕೊನೆಯ ಮೇಜಿನ ಹೊದಿಕೆಯಡಿ ಇದ್ದದ್ದು ಕಾವಲುಗಾರನ ದೊಡ್ಡಮ್ಮ, ಗುಂಡುಕಲ್ಲಿನಂಥ ಹೆಂಗಸು. ಒಂದೇ ದುರಂತದಲ್ಲಿ ಹತ್ತು ಹೆಣವಾದರೆ ಮಾತ್ರ ಗುರುತು ಪತ್ತೆಯ ಪರೀಕ್ಷೆಗೆ ಸರಕಾರದ ಹಣ. ಒಂದು ಕಡಿಮೆಯಾದರೂ ಕಾಸಿಲ್ಲ. ದೊಡ್ಡಮ್ಮ ಹತ್ತನೆಯವರು.

"ದೋಣಿ ದುರಂತ ಅಂತ ಬರೆದಿದ್ದೀರಿ. ದೋಣಿ ಎಲ್ಲಿ?" ಅಧಿಕಾರಿ ಕೇಳಿದರು.

"ಮುಳುಗಿದೆ ಸಾರ್."

"ಸರಿ ಸರಿ. ಹೊರಗೆ ಒಬ್ಬರೂ ಅಳ್ತಾ ಇಲ್ವಲ್ಲ? ಮನೆಯವರೆಲ್ಲ ಎಲ್ಲಿ?"

"ಎಲ್ಲ ಇಲ್ಲೇ ಇದ್ದಾರೆ ಸಾರ್," ಎಂದ ಕಾವಲುಗಾರ. ಡಾಕ್ಟರು ಅವನ ಕಾಲು ತುಳಿದರು.

"ವಾಸನೇನೂ ಇಲ್ಲ. ಭೇಷ್! ಆ ಬೀಗ ಹಾಕಿರೋ ಕೋಣೆ?"

"ಹೋದ ವರ್ಷ ಸೇತುವೆ ಕುಸಿದಾಗ ಸತ್ತವರು ಸಾರ್. ಗುರುತು ಸಿಕ್ಕಿಲ್ಲ. ಅರ್ಜಿಗೆ ಹೆಸರು ಬೇಕಂದ್ರು. ಹೆಸರಿಗೆ ಪರೀಕ್ಷೆ ಬೇಕು, ಪರೀಕ್ಷೆಗೆ ಅನುದಾನ ಬೇಕು..." ಎಂದರು ಡಾಕ್ಟರು.

"ಅಷ್ಟರಲ್ಲಿ ಗಡುವು ಮುಗೀತು. ಗೊತ್ತು. ನಾಡಿದ್ದು ಎಲ್ಲರನ್ನೂ ಒಂದೇ ಗುಂಡಿಗೆ ಹಾಕಿ ಮುಚ್ಚಿ. ಹೊಸ ಹಣ ಬಂದ್ರೆ ಬೇರೆ ಮಾತು." ಅಧಿಕಾರಿ ಎಣಿಕೆ ಮುಗಿಸಿದರು. "ಹತ್ತೊಂಬತ್ತು ಪಾದ. ಅಂದ್ರೆ ಒಂಬತ್ತೂವರೆ ಜನ. ನಿಯಮ ಹತ್ತು ಅನ್ನುತ್ತೆ ಡಾಕ್ಟ್ರೇ."

ಇಡೀ ಕೋಣೆ ಉಸಿರು ಬಿಗಿಹಿಡಿದಿತ್ತು. ಡಾಕ್ಟರು ಕೊನೆಯ ಮೇಜಿಗೆ ಓಡಿದರು. ಚಳಿಗೆ ಒಳಸೇರಿದ್ದ ದೊಡ್ಡಮ್ಮನ ಎಡಗಾಲನ್ನು ಹಿಡಿದು ಎಳೆದರು. ಕಾಲು ವಾಪಸ್ ಎಳೆಯಿತು. ಮತ್ತೆ ಎಳೆದರು.

"ಸತ್ತ ಮೇಲೂ ಕೆಲವರು ಹೀಗೇ ಸಾರ್, ಹಟ."

"ನಮ್ಮ ಅತ್ತೇನೂ ಹಾಗೇ," ಎಂದು ಅಧಿಕಾರಿ ನಿಟ್ಟುಸಿರುಬಿಟ್ಟು, ಇಪ್ಪತ್ತು ಎಂದು ಬರೆದು, ಭಾಗಿಸಿ, ಸಹಿ ಹಾಕಿ, ಕಾರು ಹತ್ತಿದರು.

ಕಾವಲುಗಾರ ಬಾಗಿಲು ಮುಚ್ಚಿದ. "ಏಳು ದೊಡ್ಡಮ್ಮ. ಸೀನಿ ಎಲ್ಲಾ ಕೆಡಿಸಿಬಿಡ್ತಿದ್ದೆ."

"ತಲೆ ಮೇಲೆ ತಣ್ಣೀರು ಸುರಿದ್ರೆ ಸೀನದೆ ಹಾಡ್ತಾರೇನೋ?" ದೊಡ್ಡಮ್ಮ ಎದ್ದು ಕೂತು ಕೂದಲು ಹಿಂಡಿದರು. "ಹಣ ಬರುತ್ತಂತಾ ಡಾಕ್ಟ್ರೇ?"

"ಬರುತ್ತೆ."

ಉಳಿದ ಒಂಬತ್ತು ಹೊದಿಕೆಗಳೂ ಸರಿದವು. ಒದ್ದೆ ತಲೆಯ ತಾಯಂದಿರು, ಗಂಡಂದಿರು, ಅಕ್ಕತಂಗಿಯರು ಮೇಜುಗಳಿಂದಿಳಿದು, ಬೀಗ ಹಾಕಿದ ಕೋಣೆಯ ಮುಂದೆ ಹೋಗಿ, ಒಳಗಿದ್ದ ತಮ್ಮ ತಮ್ಮವರಿಗೆ ಸುದ್ದಿ ಹೇಳತೊಡಗಿದರು.