ಒಳಗಿನ ಚಿಲಕ

ಹತ್ತು ವರ್ಷದವನಿದ್ದಾಗ ಅವನು ಅಮ್ಮನಿಗೆ ಒಂದು ಮಾತು ಕೊಟ್ಟಿದ್ದ. ಅಪ್ಪ ಅವಳನ್ನು ಕೋಣೆಯೊಳಗೆ ಬಿಟ್ಟು, ಹೊರಗಿನ ಚಿಲಕಕ್ಕೆ ಬೀಗ ಜಡಿದು ಕೆಲಸಕ್ಕೆ ಹೋಗುತ್ತಿದ್ದ. ಹುಡುಗ ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದ್ದ: "ನಾನು ದೊಡ್ಡವನಾದ್ಮೇಲೆ ನನ್ನ ಮನೆ ಒಳಗಡೆ ಒಂದು ಬಾಗಿಲಿಗೂ ಚಿಲಕ ಇರಲ್ಲಮ್ಮ."

ಈಗ ಅವನು ಬೀಗ ರಿಪೇರಿಯವನು. ಅವನ ಮನೆಯಲ್ಲಿ ಬಚ್ಚಲಿಗೆ ಹೋದವರು ಬಾಗಿಲ ಮುಂದೆ ಚಪ್ಪಲಿ ಬಿಡಬೇಕು. ಚಪ್ಪಲಿ ಕಂಡರೆ ಒಳಗೆ ಜನ ಇದ್ದಾರೆಂದು ಅರ್ಥ. "ಊರಿಗೆಲ್ಲ ಬೀಗ ಕೂರಿಸ್ತೀರಿ, ನಾವು ಮಾತ್ರ ಚಪ್ಪಲಿ ಕಾವಲಿಟ್ಟು ಸ್ನಾನ ಮಾಡ್ಬೇಕು," ಎಂದು ಹೆಂಡತಿ ಮೊದಮೊದಲು ನಗುತ್ತಿದ್ದಳು. ಬರುಬರುತ್ತ ನಗು ನಿಂತಿತು. ಚಪ್ಪಲಿ ನಿಲ್ಲಲಿಲ್ಲ.

ಆ ಭಾನುವಾರ ಮಧ್ಯಾಹ್ನ ಮಗಳ ಕೋಣೆಯ ಬಾಗಿಲನ್ನು ಎಳೆದ. ಬರಲಿಲ್ಲ. ಮತ್ತೊಮ್ಮೆ ಎಳೆದ. ಒಳಗೆ ಕಬ್ಬಿಣ ಕಟಕ್ ಎಂದಿತು. ಸದ್ದಿನಲ್ಲೇ ಗುರುತು ಸಿಕ್ಕಿತು: ನಾಲ್ಕಿಂಚಿನ ಅಗ್ಗದ ಚಿಲಕ, ಅವನ ಅಂಗಡಿಯದೇ.

"ಯಾರು ಹಾಕಿದ್ದು?"

"ನಾನೇ." ಹೆಂಡತಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. "ಮೊನ್ನೆ ಇವಳು ಬಟ್ಟೆ ಬದಲಾಯಿಸ್ತಿದ್ದಾಗ ನಿಮ್ಮ ತಮ್ಮ ನುಗ್ಗಿದ್ರು. ಹದಿನಾಲ್ಕು ವರ್ಷದ ಹುಡುಗಿ ರೀ. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ."

"ಗೊತ್ತಾಗದೆ ಬಂದಿದ್ದಾನೆ. ಅದಕ್ಕೆ ಚಿಲಕಾನಾ?"

"ಇನ್ನೇನು, ಅಲ್ಲೂ ಚಪ್ಪಲಿ ಬಿಡಬೇಕಾ?"

ಅವನು ಬಾಗಿಲಿಗೆ ಮುಖ ಹತ್ತಿಸಿದ. "ಪುಟ್ಟಿ, ತೆಗಿ. ಈ ಮನೇಲಿ ಯಾರನ್ನೂ ಕೂಡಿಹಾಕಬಾರದು ಅಂತ ತಾನೆ ನಾನು..."

"ನನ್ನನ್ನ ಯಾರೂ ಕೂಡಿಹಾಕಿಲ್ಲಪ್ಪ. ನಾನೇ ಹಾಕ್ಕೊಂಡಿರೋದು. ಒಂದು ಗಂಟೆ ಹೀಗೆ ಇರ್ತೀನಿ, ಅಷ್ಟೇ."

ಅವಳ ಮಾತು ಸರಿ ಎಂದು ಅವನಿಗೆ ತಿಳಿಯದೆ ಇರಲಿಲ್ಲ. ಸುಮ್ಮನೆ ಹೋಗಿಬಿಡೋಣವೆಂದು ಒಂದು ಹೆಜ್ಜೆ ಹಿಂದಕ್ಕೂ ಇಟ್ಟ. ಆದರೆ ಮುಚ್ಚಿದ ಬಾಗಿಲು ಕಂಡರೆ ಇಂದಿಗೂ ಅವನ ಅಂಗೈ ಬೆವರುತ್ತಿತ್ತು. ಅದರ ಅಡಿಯಲ್ಲಿ ಇನ್ನೊಂದಿತ್ತು, ತನಗೆ ತಾನೇ ಹೇಳಿಕೊಳ್ಳಲು ನಾಚಿಕೆಯಾಗುವಂಥದು: ನನ್ನ ಮನೆಯಲ್ಲಿ, ನನ್ನನ್ನು ಕೇಳದೆ.

"ಕೊನೇ ಸಲ ಹೇಳ್ತಿದೀನಿ. ತೆಗಿ."

"ನಿಮ್ಮಪ್ಪನ್ನ ನಾನು ನೋಡಿಲ್ಲ," ಎಂದಳು ಹೆಂಡತಿ ಮೆಲ್ಲಗೆ. "ಹೀಗೇ ಇದ್ರಾ?"

ಅವನು ಹೋಗಿ ಕೆಲಸದ ಚೀಲ ತಂದ. ಬಾಗಿಲು ಹೊರಕ್ಕೆ ತೆರೆಯುವಂಥದು. ಕೀಲುಗಳು ಈಚೆಗೇ ಇದ್ದವು. ಚೀಲದಿಂದ ಉಳಿ, ಸುತ್ತಿಗೆ ತೆಗೆದು, ಮೂರು ಕೀಲುಗಳ ಕಡ್ಡಿಗಳನ್ನೂ ಒಂದೊಂದಾಗಿ ಹೊಡೆದು ಕಳಚಿದ. ಒಳಗಿನ "ಬೇಡಪ್ಪ, ಬೇಡಪ್ಪ" ಮೂರನೆಯದಕ್ಕೆ ನಿಂತಿತು. ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಿದ. ಮಗಳು ಮಂಚದ ಮೂಲೆಯಲ್ಲಿ, ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

ಅವನು ಚಿಲಕ ಬಿಚ್ಚಿ ಜೇಬಿಗೆ ಹಾಕಿಕೊಂಡ. ಅಮ್ಮನಿಗೆ ಕೊಟ್ಟ ಮಾತು ಉಳಿಯಿತು.